ಅವ್ವನ ನಗೆಗಾಗಿ ಹೇಳಿದ ಸುಳ್ಳು

ನನ್ನ ಅವ್ವನ ಒಂದು ಫೋಟೋ ಇದೆ. ನೋಡಿದವರೆಲ್ಲ ಹೊಗಳಿದ್ದಾರೆ. ಆ ಫೋಟೋವನ್ನು ನಾನು ಸುಳ್ಳು ಹೇಳಿ ತೆಗೆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಿಂದೆ ಎಷ್ಟೋ ಸಲ ಹೇಳಬೇಕೆಂದು ಕುಳಿತು, ಹವಾಮಾನದಿಂದ ಶುರು ಮಾಡಿ, ಕಬ್ಬಿನ ಬೆಳೆಗೆ ಬಂದು, ಚಹಾ ಕುಡಿದು ಎದ್ದುಹೋಗಿದ್ದೇನೆ. ಸುಳ್ಳು ಒಂದೇ ವಾಕ್ಯದ್ದು. ಏಳು ವರ್ಷ ಅದು ನಮ್ಮ ಮನೆಯಲ್ಲೇ ಇತ್ತು, ನಮ್ಮ ಜೊತೆಗೇ ಉಂಡಿತು, ಮತ್ತು ನಾನು ಅದನ್ನು ಗೊತ್ತಿಲ್ಲದವನಂತೆ ನೋಡುತ್ತ ಇದ್ದೆ.

ನಾನು ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ನೌಕರಿಗೆ ಇರುವವನು. ಕಬ್ಬಿನ ರಸದಲ್ಲಿ ಎಷ್ಟು ಸಿಹಿ ಇದೆಯೆಂದು ಅಳೆದು ಬರೆಯುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಒಂದು ಅಂಕಿಯನ್ನೂ ಸುಳ್ಳು ಬರೆದವನಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ — ಅಲ್ಲ, ಸ್ವಲ್ಪ ಜಂಬಕ್ಕೇ ಹೇಳುತ್ತಿದ್ದೇನೆ. ಮುಂದೆ ಹೇಳುವುದರಲ್ಲಿ ನನ್ನ ಮಾನ ಉಳಿಯುವಂಥದ್ದು ಹೆಚ್ಚೇನೂ ಇಲ್ಲ. ಸೀಜನ್ ಮುಗಿದು ಕಾರ್ಖಾನೆಯ ಚಿಮಣಿ ತಣ್ಣಗಾದ ಮೇಲೆ ನನಗೆ ವೇಳೆ ಬಹಳ ಉಳಿಯುತ್ತದೆ. ಅಂಥದೊಂದು ಬಿಡುವಿನಲ್ಲಿ ನಿಪ್ಪಾಣಿಯ ಒಬ್ಬ ಮದುವೆ ಫೋಟೋಗ್ರಾಫರನಿಂದ ಅವನ ಹಳೆಯ ಕ್ಯಾಮೆರಾ ಕೊಂಡು ತಂದೆ. ಮನೆಯವರದು, ಗೆಳೆಯರದು ಒಳ್ಳೆಯ ಫೋಟೋ ತೆಗೆಯಬೇಕು, ಅಷ್ಟೇ ನನ್ನ ಆಸೆ.

ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ಮಟಮಟ ಮಧ್ಯಾಹ್ನ ಅಂಗಳದಲ್ಲಿ ನಿಲ್ಲಿಸಬಾರದು, ಕಣ್ಣ ಕೆಳಗೆ ಕರೀ ನೆರಳು ಬೀಳುತ್ತದೆ. ಬಾಗಿಲ ಒಳಗೆ ಒಂದು ಮಾರು ದೂರ ಕೂಡಿಸಬೇಕು, ಬೆಳಕು ಮುಖದ ಒಂದು ಪಕ್ಕಕ್ಕೆ ಮೆಲ್ಲಗೆ ಬೀಳಬೇಕು. ಹತ್ತಿರ ಹೋಗಿ ತೆಗೆದರೆ ಮೂಗು ದೊಡ್ಡದಾಗುತ್ತದೆ, ಹಿಂದೆ ಸರಿದು ಜೂಮ್ ಮಾಡಬೇಕು. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿ ಇರಬೇಕು. ಕೈಗೆ ಏನಾದರೂ ಕೆಲಸ ಕೊಟ್ಟರೆ ಮುಖ ತಾನೇ ಸಡಿಲಾಗುತ್ತದೆ. ಇದೆಲ್ಲ ನನಗೆ ಬೇಗ ಬಂತು. ಬಾರದೇ ಹೋದದ್ದು ಜನ.

ಫೋಟೋ ಅಂದ ಕೂಡಲೇ ನಮ್ಮ ಕಡೆಯವರು ಬೇರೆ ಯಾರೋ ಆಗಿಬಿಡುತ್ತಾರೆ. ಆವರೆಗೆ ಕೈ ಬೀಸಿ ಬೀಸಿ ಮಾತಾಡುತ್ತಿದ್ದ ಮನುಷ್ಯ ಕುತ್ತಿಗೆಯ ಗುಂಡಿ ಹಾಕಿಕೊಂಡು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು, ಉಸಿರು ಹಿಡಿದು ನಿಲ್ಲುತ್ತಾನೆ. ರಾಯಬಾಗದ ನನ್ನ ಗೆಳೆಯ ಶಿವಪುತ್ರ ಶಾಲೆಯಲ್ಲಿ ಪಿ.ಟಿ. ಮಾಸ್ತರ. ಅವನು ಹೊಟ್ಟೆ ಒಳಗೆ ಎಳೆದುಕೊಂಡು ಎಷ್ಟು ಹೊತ್ತು ನಿಂತನೆಂದರೆ ಮುಖ ನೇರಳೆಯಾಯಿತು. ನಗು ಅಂದರೆ ಸಿಟ್ಟಾದ. "ಫೋಟೋದಾಗ ನಗಾಕ ನಾ ಏನ್ ಹುಚ್ಚ ಅದೀನೇನಲೇ" ಅಂದ.

ಆಗ ನಾನೊಂದು ಉಪಾಯ ಕಂಡುಹಿಡಿದೆ. ಬಟನ್ ಒತ್ತುವ ಮುಂಚೆ ಎದುರಿಗಿದ್ದವರಿಗೆ ಹಿತವಾಗುವ ಒಂದು ಸುದ್ದಿ ಹೇಳುವುದು. ಸುದ್ದಿ ನಿಜವಾಗಿರಬೇಕೆಂದಿಲ್ಲ. ಶಿವಪುತ್ರನಿಗೆ ಹೇಳಿದೆ: "ನಿನ್ನ ಹಳೇ ವಿದ್ಯಾರ್ಥಿ ಒಬ್ಬಂವ ಭೆಟ್ಟಿಯಾಗಿದ್ದ. ಮಾಸ್ತರ ಓಡಿಸ್ಯಾರಂತನ ನಾ ಫೌಜಿಗೆ ಸೇರಿದೆ ಅಂದ." ಅವನ ಮುಖ ಅರಳಿತು, ಹೊಟ್ಟೆಯೂ ಅರಳಿತು, ನಾನು ಬಟನ್ ಒತ್ತಿದೆ. ಒತ್ತಿದ ಮೇಲೆ, ಸುಳ್ಳೋ ಮಾರಾಯಾ, ಫೋಟೋಕ್ಕ ಹೇಳಿದೆ ಅಂದೆ. ಅವನು ಟವೆಲ್ಲಿನಿಂದ ಹೊಡೆದ, ಫೋಟೋ ನೋಡಿ ಸುಮ್ಮನಾದ. ಉಪಾಯ ಎಲ್ಲರ ಮೇಲೂ ನಡೆಯುತ್ತಿರಲಿಲ್ಲ. ಅಥಣಿಯಲ್ಲಿರುವ ನನ್ನ ಹೆಂಡತಿಯ ಅಣ್ಣನಿಗೆ, ನಿಮ್ಮ ಸೊಸಿ ನಿಮ್ಮನ್ನ ಭಾಳ ಹೊಗಳಾಕತ್ತಿದ್ಳು ಅಂದೆ. ಅವರು ನಗುವುದು ಬಿಟ್ಟು, ಯಾಕ, ಏನ್ ಬೇಕಾಗೇತಂತ ಆಕಿಗೆ ಎಂದು ಹುಬ್ಬು ಗಂಟಿಕ್ಕಿದರು.

ಈ ಆಟಕ್ಕೆ ನಾನೇ ಹಾಕಿಕೊಂಡ ನಿಯಮ ಒಂದಿತ್ತು. ಬಟನ್ ಒತ್ತಿದ ಮರುಕ್ಷಣ ಸುಳ್ಳನ್ನು ವಾಪಸು ತೆಗೆದುಕೊಳ್ಳಬೇಕು. ಹೆಂಡತಿ ಸುಜಾತಾಗೆ ಆ ನಿಯಮದ ಮೇಲೂ ನಂಬಿಕೆ ಇರಲಿಲ್ಲ. "ಒಂದ್ ದಿನ ಯಾರರ ಖರೇನ ನಂಬತಾರ ನೋಡ್ರಿ, ಆವಾಗ ತಿಳೀತೈತಿ" ಅಂದಿದ್ದಳು. ಅವಳ ಮಾತನ್ನು ನಾನು ನಗೆಯಾಡಿ ಕಳೆದೆ.

ಈಗ ಅವ್ವನ ವಿಷಯ. ಅದಕ್ಕೆ ಮೊದಲು ಅಂಕಲಿಯ ಚಿಗವ್ವನ ವಿಷಯ ಹೇಳಬೇಕು.

ಚಿಗವ್ವ ಅವ್ವನ ಬೆನ್ನಿಗೆ ಬಿದ್ದ ಒಬ್ಬಳೇ ತಂಗಿ. ಇಬ್ಬರೂ ಮಾತು ಬಿಟ್ಟದ್ದು ಒಂದು ಫೋಟೋದಿಂದ. ಹನ್ನೊಂದು ವರ್ಷದ ಹಿಂದೆ ಚಿಗವ್ವನ ಮಗನ ಮದುವೆ ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಅವತ್ತು ಎಲ್ಲ ತಡವಾಗಿ, ಸೂರ್ಯ ಇಳಿಯುತ್ತಿದ್ದ. ಅವ್ವ ಒಳಗೆ ಬೀಗರ ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದಳು. ಹೊರಗೆ ವೇದಿಕೆಯ ಮೇಲೆ ಮನೆಯವರ ಫೋಟೋಕ್ಕೆ ಎಲ್ಲರೂ ನಿಂತಿದ್ದರು. ಯಾರೋ, ಹಿರಿಯವ್ವ, ಅಂದರೆ ನಮ್ಮ ಅವ್ವ, ಬಂದಿಲ್ಲ ಅಂದರು. ಚಿಗವ್ವ, "ಮಂದಿ ಉಣ್ಣಬೇಕು, ಇದ್ದಷ್ಟ ತಗೀರಿ" ಅಂದಳು. ತೆಗೆದರು. ಇಪ್ಪತ್ತೆಂಟು ಜನ ಇದ್ದಾರೆ ಆ ಫೋಟೋದಲ್ಲಿ. ಬ್ಯಾಂಡಿನವನೊಬ್ಬ ಕೂಡ ಮೂಲೆಯಲ್ಲಿ ಇದ್ದಾನೆ. ಅವ್ವ ಇಲ್ಲ.

ಅವ್ವ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಒಳ್ಳೆಯದಿತ್ತು. ಆ ಫೋಟೋದ ಪ್ರತಿ ನಮ್ಮ ಮನೆಗೆ ಬಂದಾಗ ಕನ್ನಡಕ ಹಾಕಿಕೊಂಡು ಒಬ್ಬೊಬ್ಬರನ್ನೇ ಬೆರಳಿಟ್ಟು ನೋಡಿ, "ಬ್ಯಾಂಡಿನಂವ ಚೆಂದ ಬಂದಾನ" ಎಂದು ಇಟ್ಟಳು. ಅಲ್ಲಿಗೆ ಅಂಕಲಿಗೆ ಹೋಗುವುದು ನಿಂತಿತು.

ನಮ್ಮಲ್ಲಿ ಕ್ಷಮಾವಣಿ ಅಂತ ಒಂದು ದಿನ ಇದೆ. ಭಾದ್ರಪದದಲ್ಲಿ ಹತ್ತು ದಿನದ ದಶಲಕ್ಷಣ ಪರ್ವ ಮುಗಿದ ಮೇಲೆ ಬರುತ್ತದೆ. ಅವತ್ತು ಚಿಕ್ಕವರು ದೊಡ್ಡವರೆನ್ನದೆ ಒಬ್ಬರನ್ನೊಬ್ಬರು, ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಕ್ಷಮಿಸಿರಿ, ಉತ್ತಮ ಕ್ಷಮಾ ಎಂದು ಕೇಳಿಕೊಳ್ಳುತ್ತೇವೆ. ಅವ್ವ ಅವತ್ತು ಹಾಲು ಹಾಕುವವನನ್ನೂ, ಬಾಗಿಲಿಗೆ ಬಂದ ಎಮ್ಮೆಯನ್ನೂ ಬಿಡುವುದಿಲ್ಲ. ಚಿಗವ್ವನೂ ಹಾಗೆಯೇ ಎಂದು ಕೇಳಿದ್ದೆ. ಅಕ್ಕ ತಂಗಿ ಇಬ್ಬರೂ ಲೋಕದ ಸಕಲ ಜೀವರಾಶಿಯಿಂದ ಕ್ಷಮೆ ಪಡೆದು, ಒಂದೇ ಒಂದು ಜೀವವನ್ನು ಬಿಟ್ಟು, ವರ್ಷ ವರ್ಷ ಶುದ್ಧರಾಗಿ ಕೂರುತ್ತಿದ್ದರು. "ಮೊದಲ ಆಕಿ ಕೇಳ್ಲಿ" ಎಂಬುದು ಅವ್ವನ ಮಾತು. ಅಂಕಲಿಯಲ್ಲಿಯೂ ಅದೇ ಮಾತು ನಡೆಯುತ್ತಿತ್ತು.

ಏಳು ವರ್ಷದ ಹಿಂದೆ, ದಶಲಕ್ಷಣ ಇನ್ನೂ ಮೂರು ವಾರ ಇರುವಾಗ, ಅವ್ವ ತಾನಾಗಿಯೇ ನನ್ನನ್ನು ಕರೆದಳು. "ಅಜಿತಾ, ನಂದೊಂದು ಫೋಟೋ ತಗಿ. ನಾ ಹೋದ ಮ್ಯಾಲ ಆಧಾರ ಕಾರ್ಡಿಂದಕ್ಕ ಹಾರ ಹಾಕಬ್ಯಾಡ. ಪೊಲೀಸರು ಹುಡುಕಾಕತ್ತವರ ಗತೆ ಕಾಣ್ತೀನಿ ಅದರಾಗ." ಅವ್ವ ಸಾಯುವ ಮಾತನ್ನು ಮಾರುಕಟ್ಟೆಯ ಮಾತಿನಷ್ಟೇ ಸಲೀಸಾಗಿ ಆಡುವವಳು. ಇಷ್ಟು ದಿನ ಊರವರ ಫೋಟೋ ತೆಗೆದೆ, ಅವ್ವನದು ಒಂದಾದರೂ ಸರಿಯಾದದ್ದು ನನ್ನ ಹತ್ತಿರ ಇರಲಿಲ್ಲ.

ಪಡಸಾಲೆಯ ಬಾಗಿಲ ಒಳಗೆ ಕೂಡಿಸಿದೆ. ಬೆಳಗಿನ ಬೆಳಕು ಚೆನ್ನಾಗಿತ್ತು. ಕೈಗೆ ಕೆಲಸ ಇರಲೆಂದು ಹತ್ತಿ ಕೊಟ್ಟೆ, ಬಸದಿಯ ದೀಪಕ್ಕೆ ಬತ್ತಿ ಹೊಸಿ ಅಂದೆ. ಸತ್ತ ಮ್ಯಾಲೂ ಕೆಲಸ ಮಾಡ್ಕೋತ ಕುಂತಿರಬೇಕೇನ ನಾ ಎಂದು ಹತ್ತಿಯನ್ನು ಬದಿಗಿಟ್ಟಳು. ಸೆರಗು ಸರಿ ಮಾಡಿಕೊಂಡಳು, ತುಟಿ ಬಿಗಿದಳು, ನೇರ ಕ್ಯಾಮೆರಾದ ಹೊಟ್ಟೆಯೊಳಗೆ ನೋಡಿದಳು. ನಲವತ್ತು ಫೋಟೋ ತೆಗೆದೆ. ನಲವತ್ತೂ ಆಧಾರ ಕಾರ್ಡು. ಹಳೆಯ ಮಾತು ತೆಗೆದೆ, ಮೊಮ್ಮಕ್ಕಳ ಮಾತು ತೆಗೆದೆ, ನನ್ನ ಬಾಲ್ಯದ ಪೆಟ್ಟುಗಳ ಮಾತು ತೆಗೆದೆ. ಏನೂ ಆಗಲಿಲ್ಲ. ಬೆಳಕು ಸರಿಯುತ್ತಿತ್ತು, ನನಗೆ ಅವಸರವಾಯಿತು, ಮತ್ತು — ಅವಸರವೆಂದು ಹೇಳುವುದು ತಪ್ಪು. ನನಗೆ ಆ ನಗೆ ಬೇಕಾಗಿತ್ತು. ಯಾವ ಮಾತಿಗೆ ಅದು ಬರುತ್ತದೆಂದೂ ನನಗೆ ಗೊತ್ತಿತ್ತು.

"ಅಂಕಲಿ ಚಿಗವ್ವ ಈ ಸಲ ಕ್ಷಮಾವಣಿಗೆ ಇಲ್ಲಿಗೆ ಬರತಾಳಂತ, ಮೊದಲ ತಾನ ಕೇಳತಾಳಂತ."

ಹೇಗೆ ಹೇಳಲಿ. ನಗು ಬಾಯಿಗೆ ಬರುವ ಮುಂಚೆ ಕಣ್ಣಿಗೆ ಬಂತು. ಬಿಗಿದ ತುಟಿ ಒಂದು ಪಕ್ಕಕ್ಕೆ ಸಡಿಲಾಯಿತು. ತಾನು ಗೆದ್ದೆ ಎಂಬ ಸಣ್ಣ ಹೆಮ್ಮೆ ಇತ್ತು ಅದರಲ್ಲಿ, ಮತ್ತು ಅದರ ಹಿಂದೆಯೇ ತಂಗಿ ಬರುತ್ತಾಳೆ ಎಂಬ ಖುಷಿ, ಅದು ದೊಡ್ಡದು. ಎಪ್ಪತ್ತು ದಾಟಿದ ಹೆಂಗಸು ಹುಡುಗಿಯಂತೆ ಕಂಡಳು. ನಾನು ಬಟನ್ ಒತ್ತಿದೆ.

ಈಗ ನಿಯಮದ ಪ್ರಕಾರ ನಾನು ಸುಳ್ಳನ್ನು ವಾಪಸು ತೆಗೆದುಕೊಳ್ಳಬೇಕಿತ್ತು. ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಅವ್ವ ಕೇಳಿದಳು, "ಖರೇನ?" ನಾನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಆ ಮುಖ ನೋಡುತ್ತಿದ್ದೆ. ಅಷ್ಟು ಒಳ್ಳೆಯ ಫೋಟೋ ನಾನು ಆವರೆಗೆ ತೆಗೆದಿರಲಿಲ್ಲ. ತಲೆ ಎತ್ತದೆಯೇ "ಖರೇ" ಅಂದೆ.

ಮೊದಲನೆಯ ವಾಕ್ಯ ಆಟದ್ದು, ಅದಕ್ಕೆ ಬೇಕಾದರೆ ಏನೋ ಒಂದು ಹೆಸರು ಕೊಡಬಹುದು. ಈ ಎರಡನೆಯ ಮಾತಿಗೆ ಯಾವ ಹೆಸರೂ ಇಲ್ಲ. ಅವ್ವ ನನ್ನನ್ನು ಕೇಳಿದಳು, ನಾನು ಸುಳ್ಳು ಹೇಳಿದೆ, ಅಷ್ಟೇ. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ನೋಡಿದರೆ ಅವ್ವ ಬಸದಿಯಲ್ಲಿ ಎಲ್ಲ ಹೆಂಗಸರಿಗೂ ಹೇಳಿ ಬಂದಿದ್ದಳು. ನಾಡಿದ್ದು ನೋಡಿದರೆ ಗೋಡೆಗೆ ಸುಣ್ಣ ಹಚ್ಚಿಸುವ ಮಾತು ಬಂತು. ಸುಣ್ಣ ಹಚ್ಚಿ ಆದ ಮೇಲೆ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಹೇಳುವ ಧೈರ್ಯವಿಲ್ಲದೆ ನಾನು ಫೋಟೋಕ್ಕೆ ಚೌಕಟ್ಟು ಹಾಕಿಸಿ ತಂದೆ.

ಕ್ಷಮಾವಣಿ ಬಂತು. ಅವ್ವ ಬೆಳಗಿನಿಂದ ಒಲೆಯ ಮುಂದೆ ಇದ್ದಳು. ಕಡಲೆಬೇಳೆಯ ಹೋಳಿಗೆ, ಕಟ್ಟಿನ ಸಾರು, ಹೆಸರುಕಾಳಿನ ಪಲ್ಯ, ಚಿಗವ್ವನಿಗೆ ಸೇರುತ್ತದೆಂದು ತುಪ್ಪದ ಪಾತ್ರೆ ಬೇರೆಯೇ. ಮಧ್ಯಾಹ್ನ ಬಾಗಿಲಲ್ಲಿ ಕುಳಿತಳು. ಯಾವ ಗಾಡಿಯ ಸಪ್ಪಳ ಕೇಳಿದರೂ ಎದ್ದು ನಿಂತು, ಬಂದದ್ದು ಬೇರೆಯವರೆಂದು ತಿಳಿದಾಗ ಅವರಿಗೇ ಉತ್ತಮ ಕ್ಷಮಾ ಹೇಳಿ ಕಳಿಸುತ್ತಿದ್ದಳು. ಗ್ಯಾಸ್ ಸಿಲಿಂಡರಿನವನಿಗೂ ಹೇಳಿದಳು. ನಾನು ಒಳಗೆ ಹೊರಗೆ ಓಡಾಡಿದೆ. ನನ್ನ ಆಟ ತಿಳಿದಿದ್ದ ಸುಜಾತಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಈಗರ ಹೇಳ್ರಿ" ಎಂದು ಮೆಲ್ಲಗೆ ಅಂದಳು. ನಾನು ಹಿತ್ತಲಿಗೆ ಹೋಗಿ, ಸಂಬಂಧವೇ ಇಲ್ಲದ ಒಂದು ನಲ್ಲಿ ರಿಪೇರಿ ಮಾಡಿದೆ.

ಆ ತಂಗಿಯೂ ಹೊತ್ತು ಮುಳುಗುವುದರೊಳಗೆ ಉಣ್ಣಬೇಕಾದವಳೇ. ಆದ್ದರಿಂದ ಸೂರ್ಯ ಇರುವವರೆಗೆ ಅವ್ವನಿಗೆ ಆಸೆ ಇತ್ತು. "ಬಸ್ಸ ಸಿಕ್ಕಿರಲಿಕ್ಕಿಲ್ಲ" ಅಂದಳು ಒಮ್ಮೆ. "ಹೊಳಿ ಪೂಲಿನ ಮ್ಯಾಲ ಗಾಡಿ ನಿಂತಿರಬೇಕು" ಅಂದಳು ಇನ್ನೊಮ್ಮೆ. ಬಿಸಿಲು ಎದುರು ಮನೆಯ ಮಾಳಿಗೆಯ ಅಂಚಿಗೆ ಹೋದಾಗ ಎದ್ದು, ಎಲ್ಲರಿಗೂ ಬಡಿಸಿದಳು. ಕಾಲು ತಾಸಿನಲ್ಲಿ ಹನ್ನೊಂದು ಜನ ಗಬಗಬ ಉಂಡೆವು. ಅವ್ವ ಉಣ್ಣಲಿಲ್ಲ. ಹತ್ತು ದಿನ ಒಪ್ಪೊತ್ತಿದ್ದವಳು ಹನ್ನೊಂದನೆಯ ದಿನ ಬರೀ ನೀರು ಕುಡಿದು ಮಲಗಿದಳು.

ಮರುದಿನ ಅವಳು ಹೇಳಿದ್ದು ಒಂದೇ ಮಾತು: "ಮೊದಲಿಂದು ಮರ್ತಿದ್ದೆ. ಇದನ್ನ ಮರಿಯೂದಿಲ್ಲ. ಮಾತ ಕೊಟ್ಟು ಬರಲಿಲ್ಲ ಆಕಿ." ಆಮೇಲೆ ಗೋಡೆಯ ಮೇಲಿದ್ದ ತನ್ನ ಫೋಟೋದ ಮೊಳೆಗೇ ಒಂದು ಕ್ಯಾಲೆಂಡರು ತೂಗುಹಾಕಿದಳು. ಬಂದವರು ಫೋಟೋ ನೋಡಬೇಕೆಂದರೆ ತಿಂಗಳನ್ನು ಮೇಲೆತ್ತಿ ನೋಡುತ್ತಿದ್ದರು.

ನೋಡಲು ಬರುವವರು ಕಡಿಮೆಯೇನೂ ಇರಲಿಲ್ಲ, ಅದೇ ನನ್ನ ದುರ್ದೈವ. ನಾನು ಆ ಫೋಟೋವನ್ನು ಮೊದಲೇ ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಕಾಗವಾಡದಿಂದ, ನಿಪ್ಪಾಣಿಯಿಂದ ಫೋನು ಬಂದವು, ನಮ್ಮವ್ವಂದೂ ಹಿಂಗ ತಗೀರಿ ಅಂತ. ಕಾರ್ಖಾನೆಯ ಜೊತೆಗಾರರು ಒಂದು ಮಧ್ಯಾಹ್ನ ನನ್ನನ್ನು ಕೂಡಿಸಿಕೊಂಡು, ಮನೆಯವರ ಫೋಟೋ ಚೆಂದ ಬರಬೇಕಾದರೆ ಏನು ಮಾಡಬೇಕು ಹೇಳ್ರಿ ಅಂದರು. ಬಾಗಿಲ ಬೆಳಕು, ಕಣ್ಣಿನ ಮಟ್ಟ, ಜೂಮ್ ಎಲ್ಲ ವಿವರಿಸಿದೆ. ಕೊನೆಗೆ ಒಬ್ಬ, ಎಲ್ಲಾ ಖರೇ ಸಾಹೇಬ್ರ, ಆ ನಗಿ ಹೆಂಗ ಬಂತ್ರಿ ಎಂದು ಕೇಳಿದ. ಸಹಜ ಬೆಳಕಿನ ಪರಿಣಾಮ ಎಂದು ಉತ್ತರ ಕೊಟ್ಟೆ. ಎಲ್ಲರೂ ತಲೆಯಾಡಿಸಿದರು, ಒಬ್ಬ ಬರೆದುಕೊಂಡ.

ಇಷ್ಟೇ ಆಗಿದ್ದರೆ ನಾನು ಇದನ್ನು ನಗುತ್ತ ಹೇಳಿ ಮುಗಿಸುತ್ತಿದ್ದೆ. ಎರಡು ವರ್ಷದ ಮೇಲೆ ಚಿಗವ್ವನ ಗಂಡ ರಾವಸಾಬ ಕಾಕಾ ತೀರಿಕೊಂಡರು. ಸುದ್ದಿ ಬಂದ ಬೆಳಿಗ್ಗೆ ಅವ್ವ ಬಿಳಿ ಸೀರೆ ಉಟ್ಟು ಕಟ್ಟೆಯ ಮೇಲೆ ಬಂದು ಕುಳಿತಳು. ನಾನು ಗಾಡಿ ತೆಗೆದೆ. ಅವ್ವ ಏಳಲಿಲ್ಲ. "ಬರತೀನಂತ ಹೇಳಿ ಬರದಾಕಿ ಮನಿಗೆ ನಾ ಹೆಂಗ ಹೋಗ್ಲಿ" ಅಂದಳು, ನನ್ನನ್ನು ನೋಡಿ, ಉತ್ತರ ಬೇಕು ಎನ್ನುವಂತೆ. ಆಗಲಾದರೂ... ಉತ್ತರ ನನ್ನ ಬಾಯಲ್ಲೇ ಇತ್ತು. ನಾನು ನುಂಗಿದೆ. ಅವ್ವ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ನಾನೊಬ್ಬನೇ ಹೋದೆ. ಅಂಕಲಿಯಲ್ಲಿ ಚಿಗವ್ವ ಗೋಡೆಗೆ ಒರಗಿ ಕುಳಿತವಳು ನನ್ನ ಬೆನ್ನ ಹಿಂದೆ ನೋಡಿದಳು. "ಅಕ್ಕ ಬರಲಿಲ್ಲೇನ?" ಅಂದಳು. ಮೊಣಕಾಲು ನೋವು ಎಂದೆ. ಹೀಗೆ ಒಂದಕ್ಕೆ ಇನ್ನೊಂದು ಜೊತೆಯಾಯಿತು.

ಇನ್ನು ನನ್ನ ಕ್ಷಮಾವಣಿಗಳು. ಇವನ್ನು ಬರೆಯಲು ನಾಚಿಕೆಯಾಗುತ್ತದೆ. ಪ್ರತಿ ವರ್ಷ ಅವತ್ತು ಬೆಳಿಗ್ಗೆ ಅವ್ವನ ಕಾಲು ಮುಟ್ಟಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಆ ಮಾತು ಎಷ್ಟು ಅಗಲವಾಗಿದೆಯೆಂದರೆ ಅದರ ಕೆಳಗೆ ಏನು ಬೇಕಾದರೂ ಮುಚ್ಚಿಡಬಹುದು. ಅವ್ವ ತಲೆಯ ಮೇಲೆ ಕೈಯಿಟ್ಟು, "ನೀ ಏನ ತಪ್ಪ ಮಾಡಿ ಹುಚ್ಚಾ" ಅನ್ನುತ್ತಿದ್ದಳು. ನಾನು ಎದ್ದು ಹೋಳಿಗೆ ತಿನ್ನುತ್ತಿದ್ದೆ. ಈ ವರ್ಷದ್ದು ಸಂದಾಯವಾಯಿತು ಎಂದು ಲೆಕ್ಕ ಹಾಕಿಕೊಳ್ಳುತ್ತಿದ್ದೆನೇ? ಹೌದು, ಹಾಕಿಕೊಳ್ಳುತ್ತಿದ್ದೆ.

ಈ ವರ್ಷ ದಶಲಕ್ಷಣಕ್ಕೆ ಸ್ವಲ್ಪ ಮುಂಚೆ ಚಿಗವ್ವನ ಸೊಸೆ ಫೋನು ಮಾಡಿದಳು. ಅತ್ತೀಯವರಿಗೆ ಒಂದು ಒಳ್ಳೇ ಫೋಟೋ ಬೇಕಂತ್ರಿ, ನೀವ ತಗೀಬೇಕಂತ. ನಾನು ಕ್ಯಾಮೆರಾ ತೆಗೆದುಕೊಂಡು ಅಂಕಲಿಗೆ ಹೋದೆ. ಬಾಗಿಲ ಒಳಗೆ ಕೂಡಿಸಿದೆ. ಅಕ್ಕನಂತೆಯೇ ತಂಗಿ, ಸೆರಗು ಸರಿ ಮಾಡಿಕೊಂಡಳು, ತುಟಿ ಬಿಗಿದಳು, ಕ್ಯಾಮೆರಾದ ಹೊಟ್ಟೆಯೊಳಗೆ ನೋಡಿದಳು. ಹದಿನೈದು ಇಪ್ಪತ್ತು ತೆಗೆದೆ. ನಾಲಿಗೆ ಎಂಥ ಜಾತಿಯದು ನೋಡಿ — ಅಕ್ಕ ಈ ಸಲ ಬರ್ತಾಳಂತ ಎಂಬ ಮಾತು ತಾನಾಗಿಯೇ ತುದಿಗೆ ಬಂದು ಕುಳಿತಿತ್ತು.

ಅಷ್ಟರಲ್ಲಿ ಚಿಗವ್ವನೇ ಮಾತಾಡಿದಳು. "ನಿಮ್ಮವ್ವನ ಫೋಟೋ ನಾ ನೋಡೀನಿ. ಸೊಸಿ ಮೊಬೈಲ್‌ನಾಗ ಐತಿ, ಆವಾಗೀವಾಗ ತಗಿಸಿ ನೋಡ್ತೀನಿ. ಅಕ್ಕ ಹಂಗ ನಕ್ಕಿದ್ದು ನಾವು ಸಣ್ಣವರಿದ್ದಾಗ ನೋಡಿದ್ದೆ. ಏನ ಹೇಳಿ ನಗಿಸಿದ್ಯೋ? ನನಗೂ ಅದನ್ನ ಹೇಳು."

ನಾನು ಕ್ಯಾಮೆರಾ ಕೆಳಗಿಟ್ಟೆ. ಹೇಳಿದೆ. ಎಲ್ಲ ಹೇಳಿದೆ. ಹೋಳಿಗೆ, ತುಪ್ಪ, ಸಿಲಿಂಡರಿನವನು, ಬಿಳಿ ಸೀರೆ, ನನ್ನ ಮೊಣಕಾಲಿನ ಸುಳ್ಳು. ಚಿಗವ್ವ ಬೈದರೆ ಸಾಕು ಅನ್ನಿಸುತ್ತಿತ್ತು.

"ನನ್ನ ದಾರಿ ನೋಡಿದ್ಳು?" ಅಂದಳು.

"ಹೌದ್ ಚಿಗವ್ವಾ."

"ಹೊತ್ತ ಮುಳುಗೂತನಾ?"

"ಹೊತ್ತ ಮುಳುಗೂತನಾ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮ ಕಾಕಾ ಹೋದಾಗ ಯಾಕ ಬರಲಿಲ್ಲ ಅಂತ ಐದ್ ವರ್ಷ ನಾ ಒಬ್ಬಾಕೀನ ಕುಂತು ವಿಚಾರ ಮಾಡೀನಿ, ಅಜಿತಾ." ಅಷ್ಟೇ. ಆಮೇಲೆ ಕ್ಯಾಮೆರಾದ ಕಡೆ ಕೈ ಮಾಡಿ, "ಇದನ್ನ ಚೀಲದಾಗ ಹಾಕು. ಮೊದಲ ನಿಮ್ಮವ್ವಗ ಹೇಳು" ಅಂದಳು.

ನಾನು ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ, ಉಪವಾಸದ ದಿನಗಳು ಎದುರಿಗೇ ಇವೆ, ಅವ್ವನಿಗೆ ಆಘಾತವಾದೀತು ಎಂಬ ನೆಪ ಸಿಕ್ಕಿತು. ಹತ್ತು ದಿನ ನೆಪದ ಮೇಲೆಯೇ ಕಳೆದೆ. ಕ್ಷಮಾವಣಿಯ ಬೆಳಿಗ್ಗೆ ಅವ್ವ ಬಸದಿಯಿಂದ ಬಂದು ಪಡಸಾಲೆಯಲ್ಲಿ ಕುಳಿತಳು. ನಾನು ಕಾಲು ಮುಟ್ಟಿದೆ. ರೂಢಿಯ ಮಾತು ತಾನೇ ಬಾಯಿಗೆ ಬಂತು: "ಗೊತ್ತಿದ್ದೋ ಗೊತ್ತಿಲ್ಲದೆಯೋ..." ಅಲ್ಲಿಗೆ ನಿಂತೆ. ಅವ್ವನ ಕೈ ತಲೆಯ ಕಡೆಗೆ ಬರುತ್ತಿತ್ತು.

"ಗೊತ್ತಿದ್ದನ ಮಾಡೀನಿ ಅವ್ವಾ. ಚಿಗವ್ವ ಬರತೀನಂತ ಹೇಳಿರ್ಲಿಲ್ಲ. ಫೋಟೋಕ್ಕ ನಾ ಸುಳ್ಳ ಹೇಳಿದ್ನಿ."

ಕೈ ನಡುವೆಯೇ ನಿಂತಿತು, ಆಮೇಲೆ ಹಿಂದಕ್ಕೆ ಹೋಯಿತು. ಅವ್ವ ನನ್ನನ್ನು ನೋಡಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು. "ಹಂಗಾರ ಆಕಿ ಮಾತ ತಪ್ಪಿಲ್ಲ" ಎಂದು ತನಗೆ ತಾನೇ ಅಂದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಗ್ಗಿದ ದನಿಯಲ್ಲಿ, "ರಾವಸಾಬರ ಸಾವಿಗೆ ನಾ ಹೋಗ್ಲಿಲ್ಲಲ್ಲೋ" ಅಂದಳು. ನನ್ನ ಅವ್ವ ಅಳುವುದನ್ನು ನಾನು ನೋಡಿದ್ದು ಕಡಿಮೆ. ಅವತ್ತು ನಾನು ನೆಲಕ್ಕೆ ಕೂತಲ್ಲೇ ಕೂತಿದ್ದೆ.

ಆಮೇಲೆ ಎದ್ದಳು. ಎದ್ದ ಮೇಲೆ ಅವಳು ಮೊದಲಿನ ಅವ್ವನೇ. "ಸುಜಾತಾ, ಹೋಳಿಗಿ ಎಲ್ಲಾ ಡಬ್ಬ್ಯಾಗ ಹಾಕು, ತುಪ್ಪಾನೂ ತಗೋ. ಹೊತ್ತ ಮುಳುಗೂದ್ರಾಗ ಅಲ್ಲೇ ಉಣಬೇಕು." ನನ್ನ ಕಡೆ ತಿರುಗದೆ, ಗೋಡೆಗೆ ಹೇಳುವಂತೆ, "ಗಾಡಿ ತಗ್ಯಾಕ ಹೇಳು ಆತಗ" ಅಂದಳು. ನಾನು ಎರಡು ಮೊಳ ದೂರದಲ್ಲೇ ಇದ್ದೆ. ಸುಜಾತಾ ನನ್ನತ್ತ ನೋಡಿ, "ಗಾಡಿ ತಗೀಬೇಕಂತ್ರಿ" ಅಂದಳು. ದಾರಿಯುದ್ದಕ್ಕೂ ಹೀಗೆಯೇ ನಡೆಯಿತು. ಎ.ಸಿ. ಕಡಿಮೆ ಮಾಡಬೇಕಂತ್ರಿ. ಟ್ರ್ಯಾಕ್ಟರ್ ಹಿಂದ ಅಷ್ಟ ಹತ್ತಿರ ಹೋಗಬಾರದಂತ್ರಿ.

ಅಂಕಲಿಯಲ್ಲಿ ಚಿಗವ್ವ ಬಾಗಿಲಿಗೆ ಬಂದು ನಿಂತಳು. ಹನ್ನೊಂದು ವರ್ಷ ಯಾರು ಮೊದಲು ಕೇಳಬೇಕು ಎಂದು ಕಾದವರು. ಅವ್ವ ಉತ್ತಮ ಕ್ಷಮಾ ಅನ್ನಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ರಾವಸಾಬರು ಹೋದಾಗ ನಾ ಬರ್ಲಿಲ್ಲ" ಅಂದಳು. ಚಿಗವ್ವ ಬಂದು ಕೈ ಹಿಡಿದು, "ಬಿಸಲಾಗ ನಿಲ್ಲಬ್ಯಾಡ, ಒಳಗ ಬಾ" ಅಂದಳು. ಯಾರು ಮೊದಲು ಕೇಳಿದ ಹಾಗಾಯಿತೋ ನನಗೆ ಇನ್ನೂ ತಿಳಿಯದು.

ಅರ್ಧ ತಾಸಿನಲ್ಲಿ ಇಬ್ಬರೂ ಪಡಸಾಲೆಯ ಬಾಗಿಲಲ್ಲಿ ಕುಳಿತು ಜಗಳಾಡುತ್ತಿದ್ದರು. ಮದುವೆಯ ಫೋಟೋಕ್ಕೆ ತಾನು ಎಷ್ಟು ಸಲ ಕರೆಕಳಿಸಿದೆ ಎಂದು ಒಬ್ಬಳು, ಒಂದು ಸಲವೂ ಇಲ್ಲ ಎಂದು ಇನ್ನೊಬ್ಬಳು. ಬ್ಯಾಂಡಿನವನ ಹೆಸರೂ ಬಂತು. ನಡುನಡುವೆ ಕಾಕಾನನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದರು, ಮತ್ತೆ ನಗುತ್ತಿದ್ದರು. ಬೆಳಕು ಇಬ್ಬರ ಮುಖದ ಮೇಲೂ ಬೇಕಾದಷ್ಟೇ ಬೀಳುತ್ತಿತ್ತು. ಕ್ಯಾಮೆರಾ ಗಾಡಿಯಲ್ಲಿತ್ತು. ತರಲಿಲ್ಲೇನ್ರಿ ಎಂದು ಸುಜಾತಾ ಕೇಳಿದಳು. ನಾನು ಅಂಗಳದಲ್ಲಿ ಒಬ್ಬನೇ ಕುಳಿತುಕೊಂಡೆ. ಅವರು ತಮ್ಮಷ್ಟಕ್ಕೆ ನಗುತ್ತಿದ್ದರು, ಅದರಲ್ಲಿ ನನ್ನದೇನೂ ಇರಲಿಲ್ಲ.

ತಿರುಗಿ ಬರುವಾಗ ಕೃಷ್ಣೆಯ ಸೇತುವೆ ದಾಟಿದ ಮೇಲೆ ನಾನು ಗಾಡಿ ಬದಿಗೆ ನಿಲ್ಲಿಸಿದೆ. ಹಿಂದೆ ತಿರುಗಿ, "ಅವ್ವಾ, ನನಗ?" ಅಂದೆ. ಅವ್ವ ಅವತ್ತು ಮೊದಲ ಸಲ ನನ್ನನ್ನು ನೇರ ನೋಡಿದಳು.

"ಆಕೀದು ನಂದು ಹಳೇದು, ಇವತ್ತಿಗೆ ತೀರಿತು. ನಿಂದು ನನಗ ಇವತ್ತ ಗೊತ್ತಾಗೇತಿ. ಮುಂದಿನ ವರ್ಷ ಕೇಳು, ನೋಡೂನು."

ಸುಜಾತಾ ನಕ್ಕಳು. ಅವ್ವ ನಗಲಿಲ್ಲ, ಅವಳು ಹೇಳಿದ್ದು ತಮಾಷೆಗಲ್ಲ. ಈಗ ಮಾತಾಡುತ್ತಾಳೆ, ಊಟಕ್ಕೆ ಬಡಿಸುತ್ತಾಳೆ, ಹದಿನೈದು ದಿನಕ್ಕೊಮ್ಮೆ ಅಂಕಲಿಗೆ ಕರೆದೊಯ್ಯೆಂದು ಅಪ್ಪಣೆ ಮಾಡುತ್ತಾಳೆ. ಕ್ಷಮೆ ಮಾತ್ರ ಕೊಟ್ಟಿಲ್ಲ. ಕೊಡಬೇಕೆಂದು ನಾನೂ ಕೇಳುವುದಿಲ್ಲ, ಭಾದ್ರಪದ ಬರಲಿ. ಅವ್ವನಿಗೆ ಎಂಬತ್ತು ಹತ್ತಿರವಾಗಿದೆ. ಮುಂದಿನ ವರ್ಷ ಕಾಲು ಮುಟ್ಟಿದಾಗಲೂ ಅವಳು ಅಲ್ಲೇ ಕುಳಿತು, ಕೈ ಹಿಂದೆ ತೆಗೆದುಕೊಂಡು, ಇನ್ನೊಂದು ವರ್ಷ ನೋಡೂನು ಅಂದರೆ, ಅದರ ಮುಂದಿನ ವರ್ಷವೂ ಹಾಗೆಯೇ ಅಂದರೆ, ನನಗೆ ಅಷ್ಟು ಸಾಕು.